ರುಬ್ಬುವ ಗುಂಡಿನ ಹರಕೆ

ಅತ್ತೆ,

'ಪೂಜ್ಯ ಅತ್ತೆಯವರಿಗೆ' ಅಂತ ಬರೆದು ಹೊಡೆದುಹಾಕಿದೆ. ನಿಮಗೆ ಅಂಥದ್ದೆಲ್ಲ ಆಗಿಬರುತ್ತಿರಲಿಲ್ಲ. 'ಯಾಕೆ, ನನ್ನ ಫೋಟೋಗೆ ಹಾರ ತಂದಿದೀಯಾ?' ಅನ್ನುತ್ತಿದ್ದಿರಿ. ಈಗ ನಡುಮನೆಯಲ್ಲಿ ನಿಜವಾಗಿಯೂ ನಿಮ್ಮ ಫೋಟೋ ಇದೆ, ಗಂಧದ ಹಾರವೂ ಇದೆ. ಅದರ ಕೆಳಗೆ ಗೋಡೆಗೆ ಒರಗಿಕೊಂಡು ನನ್ನ ಬೆನ್ನುಚೀಲ ನಿಂತಿದೆ. ಹಿಮಾಲಯದಿಂದ ಬಂದು ವಾರವಾಯಿತು, ಇನ್ನೂ ಬಿಚ್ಚಿಲ್ಲ. ನಿಮ್ಮ ಮಗ ದಿನಾ ಅದನ್ನು ಎಡವುತ್ತಾರೆ, ದಿನಾ ಗೊಣಗುತ್ತಾರೆ.

ಕೂತು ಬರೆಯೋಣವೆಂದರೆ ಕೂರುವುದಕ್ಕೇ ಆಗುತ್ತಿಲ್ಲ. ಒಂದು ಸಾಲು ಬರೆಯುತ್ತೇನೆ, ಎದ್ದು ಹಾಲು ಉಕ್ಕಿತೇನೋ ನೋಡುತ್ತೇನೆ. ಉಕ್ಕಿರುವುದಿಲ್ಲ. ಹಿತ್ತಲಿಗೆ ಹೋಗುತ್ತೇನೆ, ವಾಪಸು ಬರುತ್ತೇನೆ. ನೀವಿದ್ದಿದ್ದರೆ 'ಶೈಲಾ, ಸ್ಟ್ಯಾಂಡ್ ಅಟ್ ಈಸ್!' ಅಂತ ಗದರುತ್ತಿದ್ದಿರಿ. ಬದುಕೆಲ್ಲ ಹುಡುಗಿಯರ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದವರು, ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಕೊರಳಲ್ಲಿ ವಿಶಲ್. ರಿಟೈರಾದ ಮೇಲೂ ಶಂಕರಪುರದಲ್ಲಿ ನೀವು ಕಂಡರೆ ನಡುವಯಸ್ಸಿನ ಹೆಂಗಸರು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

ನಿಮ್ಮ ಮೇಲೆ ನನಗೊಂದು ಸಿಟ್ಟಿತ್ತು ಅತ್ತೆ. ನಿಮಗೆ ಗೊತ್ತಿತ್ತು. ನೀವು ಹೋದಿರಿ, ಸಿಟ್ಟು ಹೋಗಲಿಲ್ಲ. ಅಷ್ಟು ದೂರ ನಡೆದು, ಆ ಬೆಟ್ಟದ ನೆತ್ತಿಯಲ್ಲಿ ನಿಂತು, ಕೈಮುಗಿದು, ತಲೆ ಬಗ್ಗಿಸಿ, ನೀವು ಏನು ಕೇಳಿಕೊಂಡಿರಿ? ಇಡೀ ಶಂಕರಪುರ ನನಗೋಸ್ಕರ ಕೇಳಿಕೊಳ್ಳುತ್ತಿದ್ದುದನ್ನೇ ನೀವೂ ಕೇಳಿಕೊಂಡಿರಾ? ನೀವೂ ಅವರ ಹಾಗೇನಾ? ಇಷ್ಟೇ ನನ್ನ ಪ್ರಶ್ನೆ. ಇಷ್ಟು ವರ್ಷ ಇದನ್ನೇ ಅಗಿದೆ.

ನೀವು ಹಿಮಾಲಯದ ಮಾತೆತ್ತಿದ್ದು ಅವರೆಕಾಯಿ ಸುಲಿಯುತ್ತಾ. ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲ. ನಾನು ಈ ಮನೆಗೆ ಬಂದು ಕೆಲವು ವರ್ಷವಾಗಿತ್ತು. ನಿಮ್ಮ ಮಗ ಮುರಳಿ ಪೇಪರ್ ಮಡಚಿ ಕೇಳಿದರು, "ಕಾಶೀನಾ, ಬದರೀನಾ?"

"ಎರಡೂ ಅಲ್ಲ. ಮೇಲೆ ಎರಡು ಸರೋವರ ಇದೆಯಂತೆ, ಅದರ ಮೇಲೆ ಒಂದು ಪಾಸು."

ಪಾಸು ಅಂದರೆ ಎರಡು ಶಿಖರಗಳ ನಡುವೆ ಬೆಟ್ಟ ಸ್ವಲ್ಪ ತಗ್ಗಿ ಆಚೆ ಕಣಿವೆಗೆ ದಾರಿ ಬಿಡುವ ಜಾಗ ಅಂತ ಅವರಿಗೂ ವಿವರಿಸಿದಿರಿ, ನನಗೂ.

"ಅಲ್ಲೇನಿದೆ? ದೇವಸ್ಥಾನಾನಾ?"

"ಏನೂ ಇಲ್ಲ ಕಣೋ. ಅದಕ್ಕೇ ಹೋಗ್ಬೇಕು."

"ಅಮ್ಮಾ, ಈ ವಯಸ್ಸಲ್ಲಿ ಒಬ್ಬಳೇ..."

"ಒಬ್ಬಳೇ ಅಂತ ಯಾರಂದ್ರು? ಶೈಲಾ ಬರ್ತಾಳೆ."

ಶೈಲಾಳನ್ನು ಯಾರೂ ಕೇಳಿರಲಿಲ್ಲ. ಆದರೆ ನನಗೆ ಒಳಗೊಳಗೇ ಖುಷಿಯಾಗಿತ್ತು. ಯಾಕೆಂದರೆ ಆ ದಿನಗಳಲ್ಲಿ ನಾನು ಬಾಗಿಲು ದಾಟಿದರೆ ಸಾಕು, ತರಕಾರಿಯವಳಿಂದ ಹಿಡಿದು ಮದುವೆ ಮನೆಯ ಅಡುಗೆಯವರ ತನಕ ಎಲ್ಲರಿಗೂ ಒಂದೇ ಪ್ರಶ್ನೆ: 'ಏನಾದ್ರೂ ವಿಶೇಷ ಇದೆಯಾ?' ನನ್ನ ಹೊಟ್ಟೆ ನೋಡಿಕೊಂಡೇ ಮಾತಾಡುವವರು. ಪಕ್ಕದ ಮನೆಯ ಪದ್ಮಕ್ಕನಂತೂ ನನ್ನನ್ನು ಕಂಡ ಕೂಡಲೇ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಡಾಕ್ಟರರು ಏನೂ ತೊಂದರೆ ಇಲ್ಲ ಅಂದಿದ್ದರು, ಆದರೂ ಆಗಿರಲಿಲ್ಲ. ಒಂದೇ ಒಂದು ದಿನವೂ ಆ ಮಾತೆತ್ತದ ಮನುಷ್ಯರು ಅಂದರೆ ನೀವು. ಅದೊಂದು ಕಾರಣಕ್ಕೆ ನೀವು ಕರೆದ ಕಡೆ ಬರಲು ನಾನು ತಯಾರಿದ್ದೆ.

ಆಮೇಲೆ ಶುರುವಾಯಿತಲ್ಲ ನಿಮ್ಮ ಡ್ರಿಲ್ಲು! ಬೆಳಗಿನ ಕಾಫಿ ಆದ ಮೇಲೆ ಹನುಮಂತನಗರದ ಗುಡ್ಡಕ್ಕೆ ನಡೆಯುವುದು, ಮೆಟ್ಟಿಲು ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಬರಿಗೈಲಿ ಹತ್ತಿದರೆ ಏನು ಪ್ರಯೋಜನ, ಬೆನ್ನಿಗೆ ಭಾರ ಬೇಕು ಅಂದಿರಿ. ಮನೆಗೆ ಮಿಕ್ಸಿ ಬಂದ ಮೇಲೆ ಹಿತ್ತಲಲ್ಲಿ ಒರಳುಕಲ್ಲು ಸುಮ್ಮನೆ ಬಿದ್ದಿತ್ತು. ಅದರ ರುಬ್ಬುವ ಗುಂಡನ್ನು ತೆಗೆದು, ಬೆನ್ನಿಗೆ ಒತ್ತದಿರಲಿ ಅಂತ ನಿಮ್ಮ ಹಳೇ ವಾಯಲ್ ಸೀರೆಯಲ್ಲಿ ಮೆತ್ತಗೆ ಸುತ್ತಿ ನನ್ನ ಕ್ಯಾನ್ವಾಸ್ ಚೀಲಕ್ಕೆ ಇಳಿಸಿದಿರಿ. ನಿಮ್ಮ ಚೀಲಕ್ಕೆ ರಾಗಿ ಮೂಟೆ. ಅದೇನು ಭಾರ ಅತ್ತೆ! ಮೊದಲ ದಿನ ನಾನು ಅರ್ಧ ಮೆಟ್ಟಿಲಿಗೇ ಅತ್ತುಬಿಟ್ಟಿದ್ದೆ. ನೀವು ಮೇಲಿನಿಂದ ವಿಶಲ್ ಊದಿದಿರಿ, ದೇವಸ್ಥಾನಕ್ಕೆ ಬಂದಿದ್ದವರೆಲ್ಲ ತಿರುಗಿ ನೋಡಿದರು.

ಒಂದು ಶನಿವಾರ ಗುಡ್ಡದ ಮೇಲೆ ಜನ ಜಾಸ್ತಿ. ನಾನು ಏದುಸಿರು ಬಿಡುತ್ತಾ ಚೀಲ ಕೆಳಗಿಟ್ಟೆ. ಚೀಲದ ಬಾಯಿ ತೆರೆದುಕೊಂಡು ಸೀರೆಯಲ್ಲಿ ಸುತ್ತಿದ ಗುಂಡು ಹೊರಗೆ ಇಣುಕಿತು. ಪಕ್ಕದಲ್ಲಿ ಕೂತಿದ್ದ ಒಬ್ಬ ಅಜ್ಜಿ ಅದನ್ನು ನೋಡಿದರು, ನನ್ನನ್ನು ನೋಡಿದರು, ಅವರ ಕಣ್ಣು ತುಂಬಿತು. ನಮ್ಮಲ್ಲಿ ನಾಮಕರಣದ ದಿನ ತೊಟ್ಟಿಲಿಗೆ ಮಗುವಿಗಿಂತ ಮೊದಲು ಮಲಗಿಸುವುದು ಬಟ್ಟೆ ಸುತ್ತಿದ ಈ ಗುಂಡಪ್ಪನನ್ನೇ ಅಲ್ಲವೇ? ಅಂಥ ಗುಂಡನ್ನು ಹೊತ್ತು ಮದುವೆಯಾದ ಹೆಣ್ಣೊಬ್ಬಳು ಬೆವರಿಳಿಸಿಕೊಂಡು ಗುಡ್ಡ ಹತ್ತಿ ಬಂದಿದ್ದಾಳೆ ಅಂದರೆ ಅಜ್ಜಿಗೆ ಇನ್ನೇನು ಹೊಳೆಯಬೇಕು?

"ಪಾಪ, ಮಕ್ಕಳಾಗ್ಲಿ ಅಂತ ಹರಕೆನಾಮ್ಮಾ?" ಅಂತ ನಿಮ್ಮನ್ನು ಕೇಳಿದರು.

ನೀವು ನನ್ನ ಕಡೆ ನೋಡಲೂ ಇಲ್ಲ. "ಹೂಂ ಕಣಮ್ಮಾ, ಹರಕೆನೇ" ಅಂದುಬಿಟ್ಟಿರಿ.

ಮೆಟ್ಟಿಲಿಳಿಯುವಾಗ ಜಗಳವಾಡಿದೆ. "ಯಾಕೆ ಹಾಗಂದ್ರಿ?"

"ಮತ್ತೇನನ್ಲಿ? ಹಿಮಾಲಯ, ಟ್ರೆಕ್ಕಿಂಗು ಅಂದ್ರೆ ಇನ್ನೂ ನೂರು ಪ್ರಶ್ನೆ ಕೇಳ್ತಾರೆ. ಹರಕೆ ಅಂದ್ರೆ ಬಾಯಿ ಮುಚ್ಕೋತಾರೆ."

ಎಲ್ಲಿ ಮುಚ್ಚಿಕೊಂಡರು? ಆ ಅಜ್ಜಿ ಪದ್ಮಕ್ಕನಿಗೆ ದೂರದ ನೆಂಟರಂತೆ, ನಾವು ಹಿಮಾಲಯಕ್ಕೆ ಹೊರಟದ್ದು ಪದ್ಮಕ್ಕನಿಗೆ ಮೊದಲೇ ಗೊತ್ತು. ಸಂಜೆಯೊಳಗೆ ನಮ್ಮ ಬೀದಿಯೆಲ್ಲ ಸುದ್ದಿ: ಕಮಲಮ್ಮ ಸೊಸೆಗೆ ಮಕ್ಕಳಾಗಲಿ ಅಂತ ಹಿಮಾಲಯಕ್ಕೆ ಹರಕೆ ಹೊತ್ತಿದ್ದಾರೆ. ಅಲ್ಲಿಯ ತನಕ ಬೇಡ ಬೇಡ ಅನ್ನುತ್ತಿದ್ದ ಚಾಮರಾಜಪೇಟೆಯ ನಿಮ್ಮ ಅಣ್ಣ ಬಂದು, ಹರಕೆ ಅಂದ ಮೇಲೆ ಅಡ್ಡ ಬರಬಾರದಪ್ಪ ಅಂತ ಮುರಳಿಗೇ ಬುದ್ಧಿ ಹೇಳಿದರು. ರಾತ್ರಿ ಬೆಳಗಾಗುವುದರಲ್ಲಿ ಎಲ್ಲರೂ ಒಪ್ಪಿದರು. ನಿಮಗೆ ದಾರಿ ಸಿಕ್ಕಿತು ಅತ್ತೆ, ನನಗೆ ಹಣೆಪಟ್ಟಿ ಸಿಕ್ಕಿತು. ಬಾಯಿಬಿಟ್ಟು ಹೇಳಿದೆ ಕೂಡ. ನೀವು 'ಹೋಗಲಿ ಬಿಡೆ, ಕೆಲಸ ಆಯ್ತಲ್ಲ' ಅಂದಿರಿ. ನಿಮಗೆ ಎಲ್ಲವೂ ಹೋಗಲಿ ಬಿಡೆ!

ಹೊರಡುವ ಹಿಂದಿನ ದಿನ ಪದ್ಮಕ್ಕ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ಬಂದು ನನ್ನ ಮಡಿಲು ತುಂಬಿದರು. ಅಕ್ಕಿ, ತೆಂಗಿನಕಾಯಿ, ಬಳೆ, ರವಿಕೆ ಕಣ. "ಸರೋವರದ ದಂಡೇಲಿ ದೇವಿಗೆ ಒಪ್ಪಿಸ್ಬಿಟ್ಟು ಬಾ ಶೈಲಾ" ಅಂತ ನನ್ನ ಗಲ್ಲ ಸವರಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನೀವು ಮಾತ್ರ ಆ ಅಕ್ಕಿ, ಕಾಯಿ ಎರಡನ್ನೂ ಬಿಡದೆ ಚೀಲಕ್ಕೆ ತುಂಬಿದಿರಿ, ಪ್ರೀತಿಯಿಂದ ಕೊಟ್ಟದ್ದನ್ನು ಬಿಟ್ಟು ಹೋಗಬಾರದು ಅಂತ. ಹಿಮಾಲಯದ ಚಾರಣಕ್ಕೆ ಮಡಿಲಕ್ಕಿ ಹೊತ್ತುಕೊಂಡು ಹೋದವರು ನಾವಿಬ್ಬರೇ ಇರಬೇಕು.

ಆದರೆ ದಾರಿ! ಆ ದಾರಿಯನ್ನು ನೆನೆದರೆ ಈಗಲೂ ಕಾಲು ತುರಿಸುತ್ತದೆ. ರೈಲು, ಬಸ್ಸು, ಆಮೇಲೆ ಬರೀ ಕಾಲು. ಕೊನೆಯ ಹಳ್ಳಿ ದಾಟಿದ ಮೇಲೆ ನೀವು ಒಂದು ಬಂಡೆಯ ಹಿಂದೆ ಹೋಗಿ ಬಂದಿರಿ, ಸೀರೆ ಮಾಯ! ಗಾಂಧಿಬಜಾರಿನಲ್ಲಿ ಮಗನಿಗೆ ಗೊತ್ತಾಗದ ಹಾಗೆ ಕೊಂಡಿದ್ದ ಬೂದಿ ಬಣ್ಣದ ಸಲ್ವಾರ್ ಕಮೀಜು. "ಹೇಗಿದೆಯೇ?" ಅಂತ ಒಂದು ಸುತ್ತು ತಿರುಗಿದಿರಿ. ನಾನು ನಕ್ಕು ನಕ್ಕು ಅಲ್ಲೇ ಕೂತುಬಿಟ್ಟೆ. ಮರಗಳು ಮುಗಿದವು, ಹುಲ್ಲುಗಾವಲು ಬಂತು, ಹುಲ್ಲೂ ಮುಗಿದು ಬರೀ ಕಲ್ಲು. ನಮ್ಮ ಗೈಡು ಮುಂದೆ, ನೀವು ನಡುವೆ, ನಾನು ಹಿಂದೆ. ನಾನು ಸ್ವಲ್ಪ ನಿಂತರೂ ವಿಶಲ್.

ಮೊದಲನೇ ಸರೋವರದ ದಂಡೆಯಲ್ಲಿ ಟೆಂಟ್ ಹಾಕಿದ ಸಂಜೆ ಮಡಿಲಕ್ಕಿ ಬೇಯಿಸಲು ಹೊರಟೆವಲ್ಲ. ಅಷ್ಟು ಎತ್ತರದಲ್ಲಿ ನೀರು ಕುದಿಯುತ್ತದೆ, ಅನ್ನ ಬೇಯುವುದಿಲ್ಲ. ಸೀಮೆಎಣ್ಣೆ ಮುಗಿಯುತ್ತಾ ಬಂತು, ಅಕ್ಕಿ ಅಕ್ಕಿಯಾಗಿಯೇ ಇತ್ತು. ಕೊನೆಗೆ ಆ ಅರೆಬೆಂದ ಅನ್ನಕ್ಕೆ ಚಟ್ನಿಪುಡಿ ಕಲಸಿ ಕಟಕಟ ಅಗಿದೆವು. ನೀವು ತೆಂಗಿನಕಾಯಿಯನ್ನು ಬಂಡೆಗೆ ಕುಟ್ಟಿ ಒಡೆದು ಒಂದು ಹೋಳು ಗೈಡಿಗೆ, ಒಂದು ನನಗೆ ಕೊಟ್ಟು, "ದೇವಿಗೆ ಒಪ್ಪಿಸಿದ್ದಾಯ್ತು" ಅಂದಿರಿ. ಎದುರಿಗೆ ನೀರು ನಿಮ್ಮ ಕಪಾಟಿನ ಆ ನವಿಲುಬಣ್ಣದ ರೇಷ್ಮೆ ಸೀರೆಯ ಹಾಗೆ ಗಳಿಗೆಗೊಂದು ಬಣ್ಣ ತಿರುಗುತ್ತಿತ್ತು. ಅವತ್ತು ನನ್ನ ಸಿಟ್ಟು ಮುಕ್ಕಾಲು ಇಳಿದಿತ್ತು, ನಿಜ ಹೇಳುತ್ತೇನೆ.

ಎರಡನೇ ಸರೋವರ ಇನ್ನೂ ಮೇಲೆ, ಚಿಕ್ಕದು, ಅಂಚಿನಲ್ಲಿ ಮಂಜುಗಡ್ಡೆ. ಅಲ್ಲಿ ಕೂತಾಗ ತಡೆಯಲಾರದೆ ಕೇಳಿದೆ, "ಅತ್ತೆ, ನಿಮಗೂ ಆಸೆ ಇದೆಯಾ? ಮೊಮ್ಮಗು ಬೇಕು ಅಂತ?" ನೀವು ಶೂ ಬಿಚ್ಚಿ ಪಾದ ತಿಕ್ಕಿಕೊಳ್ಳುತ್ತಿದ್ದಿರಿ. ಕೈ ನಿಂತಿತು. ಏನೋ ಹೇಳಲು ಬಾಯಿ ತೆರೆದಿರಿ. ಅಷ್ಟರಲ್ಲಿ ಗೈಡು ಚಹಾ ಚಹಾ ಅಂತ ಕೂಗಿದ, ನೀವು ಎದ್ದುಬಿಟ್ಟಿರಿ. ಏನು ಹೇಳಲು ಹೊರಟಿದ್ದಿರಿ? ಅವನು ಒಂದು ನಿಮಿಷ ತಡೆದು ಕೂಗಿದ್ದರೆ...

ಮರುದಿನ ಪಾಸಿಗೆ ಹತ್ತುವಾಗ ನನಗೆ ತಲೆ ಸಿಡಿಯತೊಡಗಿತು. ಒಂದು ಸಲ ವಾಂತಿಯೂ ಆಯಿತು. ನಮ್ಮ ಬಸವನಗುಡಿಯ ಬಸವಣ್ಣನ ಹಾಗೆ ಕಾಲು ಮಡಚಿ ಕೂತ ಒಂದು ಬಂಡೆ ಸಿಕ್ಕಿತು, ಅದಕ್ಕೆ ಒರಗಿ, ಇನ್ನು ಒಂದು ಹೆಜ್ಜೆಯೂ ಇಡಲಾರೆ ಅಂದೆ. ನೆತ್ತಿ ಕಣ್ಣಿಗೆ ಕಾಣುತ್ತಿತ್ತು, ದಾರಿಯೂ ನೆಟ್ಟಗಿತ್ತು. ನೀವು ಗೈಡನ್ನು ನನ್ನ ಹತ್ತಿರವೇ ನಿಲ್ಲಿಸಿದಿರಿ.

"ನಾನು ಮುಟ್ಟಿ ಬಂದ್ಬಿಡ್ತೀನಿ. ಮೇಲೆ ನಿಂತು ವಿಶಲ್ ಊದ್ತೀನಿ. ಕೇಳಿಸಿದ್ರೆ ಕೈ ಬೀಸು, ಆಯ್ತಾ?"

ನಿಮ್ಮ ಬೂದಿ ಬಣ್ಣ ಚಿಕ್ಕದಾಗುತ್ತಾ ಹೋಯಿತು. ನೆತ್ತಿ ಮುಟ್ಟಿ ನಿಂತಿರಿ, ನಮ್ಮ ಕಡೆ ತಿರುಗಿದಿರಿ. ನಾನು ಕಿವಿಯ ಮಫ್ಲರ್ ಸರಿಸಿ ಕಾದೆ. ವಿಶಲ್ ಬರಲಿಲ್ಲ. ನೀವು ಎರಡೂ ಕೈ ಜೋಡಿಸಿ ಮುಖದ ಹತ್ತಿರ ತಂದಿರಿ, ತಲೆ ಬಗ್ಗಿಸಿದಿರಿ, ಆಮೇಲೆ ಸೊಂಟ ಬಗ್ಗಿಸಿ ಹಾಗೇ ನಿಂತಿರಿ. ತುಂಬಾ ಹೊತ್ತು. "ಮಾತಾಜಿ ಪೂಜಾ ಕರ್ ರಹೀ ಹೈ" ಅಂದ ಗೈಡು. ನನಗೂ ಕಣ್ಣಿತ್ತಲ್ಲ. ಜೀವಮಾನದಲ್ಲಿ ದೇವರ ಮನೆಗೆ ಸರಿಯಾಗಿ ಕೈಮುಗಿಯದ ಹೆಂಗಸು ಅಲ್ಲಿ ಅಷ್ಟು ಬಗ್ಗಿ ಕೇಳಿಕೊಳ್ಳುವುದು ಇನ್ನೇನಿದ್ದೀತು? ಹರಕೆ ಸುಳ್ಳಲ್ಲ. ನನಗೆ ಸುಳ್ಳು ಅಂತ ಹೇಳಿ ನೀವು ನಿಜವಾಗಿಯೂ ಹರಕೆ ಹೊತ್ತಿದ್ದಿರಿ. ನನ್ನಲ್ಲಿ ಏನೋ ಕಮ್ಮಿ ಇದೆ ಅಂತ ನಿಮಗೂ ಅನ್ನಿಸುತ್ತಿತ್ತು. ನನಗೆ ಅಳು ಬಂತು, ತಲೆನೋವಿಗೆ ಅಂದುಕೊಂಡ ಗೈಡು.

ಇಳಿದು ಬಂದವರೇ ನೀವು ಮೊದಲು ಕೇಳಿದ್ದು, "ಯಾಕೆ ಕೈ ಬೀಸ್ಲಿಲ್ಲ?"

"ಏನು ಕೇಳ್ಕೊಂಡ್ರಿ ಅಲ್ಲಿ?"

"ಏನ್ ಕೇಳ್ಕೊಳ್ಳೋದು? ಊದಿದೆ ಕಣೆ. ಉಸಿರು ಸಾಲ್ದೆ ಬಗ್ಗಿ ನಿಂತೆ."

"ನನಗೇನೂ ಕೇಳಿಸ್ಲಿಲ್ಲ."

"ಊದಿದೆ ಅಂತ ಹೇಳ್ತಿದೀನಲ್ಲ!"

ಅಷ್ಟು ಹತ್ತಿರದಿಂದ ಊದಿದ ವಿಶಲ್ ಕೇಳಿಸದಿರಲು ನಾನೇನು ಕಿವುಡಿಯೇ? ಮೋಡ ಕವಿಯುತ್ತಿದೆ ಅಂತ ಗೈಡು ಅವಸರ ಮಾಡಿದ. ಆಚೆ ಕಣಿವೆಗೆ ಇಳಿಯಬೇಕಾಗಿದ್ದ ನಾವು ನನ್ನ ದೆಸೆಯಿಂದ ಬಂದ ದಾರಿಯಲ್ಲೇ ವಾಪಸು ಬಂದೆವು.

ಊರಿಗೆ ಬಂದ ಮೇಲೆ ಪದ್ಮಕ್ಕ ಗೇಟಿನಲ್ಲೇ ಹಿಡಿದು, "ಹರಕೆ ಒಪ್ಪಿಸಿದ್ರಾ?" ಅಂದರು. "ಒಪ್ಪಿಸಿದ್ವಿ" ಅಂದಿರಿ ನೀವು, ಮುಖ ತಿರುಗಿಸಿಕೊಂಡು. ಆಮೇಲೆ ಎಷ್ಟು ವರ್ಷ ಕೇಳಿದರು ನನ್ನನ್ನು, ಫಲ ಬಂತಾ, ಫಲ ಬಂತಾ ಅಂತ. ಪ್ರತಿ ಸಲವೂ ಆ ನೆತ್ತಿಯ ಮೇಲೆ ಬಗ್ಗಿದ ನಿಮ್ಮ ಬೆನ್ನು ಕಣ್ಣಿಗೆ ಬರುತ್ತಿತ್ತು. ನೀವು ಬೆಳಿಗ್ಗೆ ಶೂ ಕಟ್ಟಿಕೊಂಡು "ಗುಡ್ಡಕ್ಕೆ ಬರ್ತೀಯಾ?" ಅನ್ನುವಿರಿ, ನಾನು "ಕೆಲ್ಸ ಇದೆ" ಅನ್ನುವೆ. ನಾನು ಶಾಲೆಯ ನೌಕರಿಗೆ ಸೇರಿದೆ. ಮಕ್ಕಳಾಗಲಿಲ್ಲ. ಕಾಲಕ್ರಮೇಣ ಅದು ನನಗೂ ಮುರಳಿಗೂ ನೋವಾಗಿ ಉಳಿಯಲಿಲ್ಲ, ಜನರಿಗೆ ಮಾತ್ರ ಉಳಿಯಿತು. ನಿಮಗೂ ಉಳಿದಿದೆ ಅಂತ ನಾನು ನಂಬಿದ್ದೆ.

ಕೊನೆಯ ವರ್ಷ, ಮತ್ತೆ ಅವರೆಕಾಯಿ ಕಾಲ. ಎದುರುಬದುರು ಕೂತು ಸುಲಿಯುತ್ತಿದ್ದೆವು. ಇದ್ದಕ್ಕಿದ್ದ ಹಾಗೆ ನೀವು, "ಊದಿದ್ದೆ ಕಣೆ ಅವತ್ತು" ಅಂದಿರಿ. ನಾನು "ಗೊತ್ತು ಬಿಡಿ" ಅಂತ ಹೇಳಿ ಹಾಲು ನೋಡಲು ಎದ್ದುಹೋದೆ. ಗೊತ್ತಿರಲಿಲ್ಲ. ಬೇಸಿಗೆ ಬರುವುದರೊಳಗೆ ನೀವು ನಿದ್ದೆಯಲ್ಲೇ ಹೊರಟುಹೋದಿರಿ, ಯಾರನ್ನೂ ಒಂದು ಲೋಟ ನೀರು ಕೇಳದೆ.

ನಿಮ್ಮ ಕಪಾಟು ಖಾಲಿ ಮಾಡುವಾಗ ಬೂದಿ ಬಣ್ಣದ ಸಲ್ವಾರಿನ ಕೆಳಗೆ ವಿಶಲ್ ಸಿಕ್ಕಿತು, ಹಿಮಾಲಯಕ್ಕೆಂದು ನೀವೇ ಹೆಣೆದು ಹಾಕಿಕೊಂಡಿದ್ದ ಆ ದಪ್ಪ ಉಣ್ಣೆಯ ಕೈಗವಸೂ ಸಿಕ್ಕಿತು. ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹಿತ್ತಲಿಗೆ ಹೋಗಿ ರುಬ್ಬುವ ಗುಂಡಿನ ಪಾಚಿ ತೊಳೆದೆ. ನನ್ನ ಶಾಲೆಯಲ್ಲಿ ಗಣಿತ ಹೇಳುವ ವೀಣಾ ಅಂತ ಒಬ್ಬ ಹುಡುಗಿ, ಚುರುಕು, ಹಿಮಾಲಯಕ್ಕೆ ಅಂದ ಕೂಡಲೇ ನಾನೂ ಬರ್ತೀನಿ ಮೇಡಂ ಅಂದಳು. ಇಬ್ಬರೂ ತಿಂಗಳುಗಟ್ಟಲೆ ಹನುಮಂತನಗರದ ಮೆಟ್ಟಿಲು ಹತ್ತಿದೆವು. ನಿಮಗೆ ನಗು ಬರುತ್ತದೆ ಕೇಳಿ: ಈಗ ಯಾರೂ ಹರಕೆಯಾ ಅನ್ನುವುದಿಲ್ಲ. ಕಾಯಿ ಮಾರುವವನೇ "ಟ್ರೆಕ್ಕಿಂಗಾ ಮೇಡಂ? ಯಾವ್ ಕಡೆ?" ಅನ್ನುತ್ತಾನೆ. ಅದೇ ಗುಂಡು ಅತ್ತೆ, ಅದೇ ಬೆನ್ನು.

ಸರೋವರಗಳು ಹಾಗೇ ಇವೆ. ಈ ಸಲ ಅಕ್ಕಿ ಒಯ್ಯಲಿಲ್ಲ, ಅವಲಕ್ಕಿ ಒಯ್ದೆ. ಪಾಸಿಗೆ ಹತ್ತುವ ದಿನ ವೀಣಾಳ ಮಂಡಿ ಹಿಡಿದುಕೊಂಡಿತು. ನಂಬುತ್ತೀರೋ ಇಲ್ಲವೋ, ಬಸವಣ್ಣನ ಆ ಬಂಡೆಯ ಹತ್ತಿರವೇ. ಗೈಡನ್ನು ಅವಳ ಜೊತೆ ಬಿಟ್ಟು ನಾನು ಹೊರಟೆ. "ಮೇಲೆ ಹೋಗಿ ವಿಶಲ್ ಊದ್ತೀನಿ, ಕೇಳಿಸಿದ್ರೆ ಕೈ ಬೀಸು" ಅಂದೆ. ನಿಮ್ಮ ಮಾತು ನನ್ನ ಬಾಯಲ್ಲಿ ಬಂದದ್ದು ನನಗೇ ಒಂಥರಾ ಆಯಿತು.

ನೆತ್ತಿ ಮುಟ್ಟಿದೆ. ಆಚೆ ಕಡೆ ಏನಿದೆ ಗೊತ್ತೇ? ನೀವು ಸರಿಯಾಗಿಯೇ ಹೇಳಿದ್ದಿರಿ, ಏನೂ ಇಲ್ಲ. ಕಲ್ಲು, ಹಿಮ, ಅದರಾಚೆ ಮತ್ತೆ ಬೆಟ್ಟ. ಗಾಳಿ ಮಾತ್ರ ಕೆಳಗಿನಿಂದ ಮೇಲಕ್ಕೆ ನುಗ್ಗಿ ಬಂದು ನನ್ನನ್ನು ಆಚೆ ಕಡೆಗೆ ತಳ್ಳುತ್ತಿತ್ತು. ಕೆಳಗೆ ತಿರುಗಿ ನಿಂತೆ. ನಿಮ್ಮ ಕೈಗವಸು ಎಷ್ಟು ದಪ್ಪ! ಬೆರಳೇ ಇಲ್ಲದ ಚೀಲ. ಒಂದು ಕೈಯಲ್ಲಿ ವಿಶಲ್ ನಿಲ್ಲಲೇ ಇಲ್ಲ. ಎರಡೂ ಕೈ ಜೋಡಿಸಿ, ನಡುವೆ ಅದನ್ನು ಸಿಕ್ಕಿಸಿಕೊಂಡು, ಮುಖಕ್ಕೆ ತಂದು, ಗಾಳಿಗೆ ತಲೆ ಬಗ್ಗಿಸಿ ಊದಿದೆ. ಮೈಯಲ್ಲಿದ್ದ ಉಸಿರೆಲ್ಲ ಅದಕ್ಕೇ ಹೋಯಿತು. ಕಣ್ಣು ಕತ್ತಲಿಟ್ಟಿತು. ಸೊಂಟ ಬಗ್ಗಿಸಿ, ಹಾಗೇ, ತುಂಬಾ ಹೊತ್ತು ನಿಂತೆ. ಅಲ್ಲೇ ಗೊತ್ತಾಗತೊಡಗಿತು ಅತ್ತೆ. ಆದರೂ ಅವಳ ಬಾಯಿಂದ ಕೇಳಬೇಕು ಅನ್ನಿಸಿತು.

ಓಡಿಕೊಂಡೇ ಇಳಿದೆ. ವೀಣಾ ಬಂಡೆಗೆ ಒರಗಿ ಕೂತಿದ್ದಳು, ಮುಖದಲ್ಲಿ ಭಕ್ತಿ.

"ಎಷ್ಟು ಹೊತ್ತು ಕೈಮುಗಿದ್ರಿ ಮೇಡಂ! ಏನು ಕೇಳ್ಕೊಂಡ್ರಿ?"

"ವಿಶಲ್ ಕೇಳಿಸ್ಲಿಲ್ವಾ?"

"ಯಾವ ವಿಶಲ್?"

ನಾನು ನಕ್ಕೆನೋ ಅತ್ತೆನೋ ನನಗೇ ಗೊತ್ತಿಲ್ಲ. ಆ ಹುಡುಗಿ ಹೆದರಿ ನೀರಿನ ಬಾಟಲಿ ಮುಂದೆ ಮಾಡಿದಳು. ಇಷ್ಟು ವರ್ಷ ನೀವು ಒಂದೇ ಮಾತು ಹೇಳಿದಿರಿ, ಅದೊಂದೇ ನಿಜವಾಗಿತ್ತು: ನೀವು ಊದಿದ್ದಿರಿ, ಸದ್ದನ್ನು ಗಾಳಿ ಆಚೆ ಕಣಿವೆಗೆ ಹೊತ್ತೊಯ್ದಿತ್ತು. ನೀವು ಏನನ್ನೂ ಕೇಳಿಕೊಳ್ಳಲಿಲ್ಲ. ನನ್ನಲ್ಲಿ ಏನೂ ಕಮ್ಮಿ ಕಂಡಿರಲಿಲ್ಲ ನಿಮಗೆ. ಅಷ್ಟೆತ್ತರದಲ್ಲಿ ನಿಂತು ನೀವು ಮಾಡಿದ್ದು ನನ್ನನ್ನು ಕರೆದದ್ದು ಮಾತ್ರ. ಆದರೂ ಆ ಅಜ್ಜಿಗೆ ಹರಕೆ ಅಂದದ್ದು ತಪ್ಪೇ, ಅದನ್ನು ನಾನು ಬಿಡುವುದಿಲ್ಲ, ನಾನೂ ನಿಮ್ಮ ಹತ್ತಿರ ಮೇಲೆ ಬಂದಾಗ ಆ ಜಗಳ ಮುಂದುವರಿಸೋಣ.

ಗೈಡು ಹೊರಡೋಣ ಅಂದ. ನಾನು ಅದೇ ಬಂಡೆಯ ಪಕ್ಕ, ಅವತ್ತು ಕೂತಿದ್ದ ಜಾಗದಲ್ಲೇ ನಿಂತು, ನೆತ್ತಿಯ ಕಡೆ ತಿರುಗಿ ಕೈ ಎತ್ತಿದೆ. ಜೋರಾಗಿ, ತೋಳು ನೋಯುವ ತನಕ ಬೀಸಿದೆ.

"ಯಾರಿಗೆ ಮೇಡಂ? ಮೇಲೆ ಯಾರೂ ಇಲ್ವಲ್ಲ" ಅಂದಳು ವೀಣಾ.

ಕೇಳಿಸಿತು ಅತ್ತೆ.

ನಿಮ್ಮ
ಶೈಲಾ